ಗಾಳೆಪ್ಪನ ಪರೀಕ್ಷೆ ಅರ್ಜಿ

ಹೈದರಾಬಾದಿನಿಂದ ಬಂದ ಕಾಗದವನ್ನು ಕ್ಯಾಂಟೀನಿನ ಮೇಜಿನ ಮೇಲೆ ಬಿಟ್ಟು ಗಾಳೆಪ್ಪ ಕೈ ತೊಳೆಯಲು ಹೋಗದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಹೊಸಪೇಟೆಯ ಅದಿರು ಕಂಪನಿಯೊಂದರಲ್ಲಿ ಅವನು ಉಗ್ರಾಣದ ಗುಮಾಸ್ತ. ತೊಂಬತ್ತಾರರಲ್ಲಿ ಹೈದರಾಬಾದಿನ ತಂಡವೊಂದು ಬಂದು ಹಾಜರಿ, ರಜೆ, ಸಾಮಾನು, ಪಗಾರ ಎಲ್ಲವನ್ನೂ ಒಂದೇ ಸಾಫ್ಟ್‌ವೇರಿಗೆ ಹೊಂದಿಸುವಾಗ ಇವನನ್ನು ಅವರ ಜೊತೆ ಹಾಕಿದರು. ಒಂದೂವರೆ ವರ್ಷದಲ್ಲಿ ಕೆಲಸ ಮುಗಿಯಿತು, ತಂಡ ಹೋಯಿತು, ಕಂಪ್ಯೂಟರು ನಡೆಸಲು ಗಾಳೆಪ್ಪ ಏಸಿ ಕೋಣೆಯಲ್ಲಿ ಒಬ್ಬನೇ ಉಳಿದ.

ಹಿಂದೆ ಉಗ್ರಾಣದ ಸುಂಕಪ್ಪನ ಅಜ್ಜಿ ವರ್ಷಕ್ಕೊಮ್ಮೆ ತೀರಿಕೊಂಡು ಮೊಮ್ಮಗನಿಗೆ ರಜೆ ಕೊಡಿಸುತ್ತಿದ್ದಳು. ಆಕೆಯ ಎರಡನೆಯ ಸಾವಿಗೆ ಕಂಪ್ಯೂಟರು ಒಪ್ಪಲಿಲ್ಲ. ಮೆಕ್ಯಾನಿಕ್ ಎರ್ರಿಯಪ್ಪ ಮನೆಯಲ್ಲಿ ಮಲಗಿದ್ದಾಗ ಗೆಳೆಯರು ಹಾಕುತ್ತಿದ್ದ ಹಾಜರಿಯೂ ನಿಂತಿತು. ಬೈಯೋಣವೆಂದರೆ ಕಂಪ್ಯೂಟರಿಗೆ ಕಿವಿಯಿಲ್ಲ, ಗಾಳೆಪ್ಪನಿಗೆ ಎರಡಿದ್ದವು. ಬೈದು ಸಾಕಾಗಿ ಎಲ್ಲರೂ ಮಾತೇ ಬಿಟ್ಟರು. ಎಂಟು ತಿಂಗಳಿಂದ ಅವನು ಕೂತ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳಿಕೊಳ್ಳೋಣವೆಂದರೆ ಮದುವೆಯೇ ಆಗಿರಲಿಲ್ಲ.

ಕೈ ತೊಳೆದು ಬರುವಷ್ಟರಲ್ಲಿ ಸುಂಕಪ್ಪ ಕಾಗದ ಓದಿ ಮುಗಿಸಿದ್ದ. ಆ ಸಾಫ್ಟ್‌ವೇರಿನ ಸರ್ಟಿಫಿಕೇಟು ಪರೀಕ್ಷೆ ಪಾಸಾದರೆ ತಮ್ಮಲ್ಲೇ ಕೆಲಸ ಕೊಡುತ್ತೇವೆ ಎಂದು ಹಳೆಯ ತಂಡದವರು ಬರೆದು ಅರ್ಜಿಯನ್ನೂ ಇಟ್ಟಿದ್ದರು. ಅದನ್ನು ಅಂಚೆಗೆ ಹಾಕಲು ಇವತ್ತೇ ಕೊನೆಯ ದಿನ.

"ಲೇ ಗಾಳ್ಯಾ, ಬಾರಲೇ, ಕುಂದ್ರು!"

ಎಂಟು ತಿಂಗಳ ಮೇಲೆ ಆ 'ಲೇ' ಕೇಳಿ ಗಾಳೆಪ್ಪನ ಕಣ್ಣು ತುಂಬಿದವು.

"ನೀ ಈ ಪರೀಕ್ಷೆ ಬರೀಲೇಬೇಕು. ನಿನ್ನಂಥ ಶಾಣ್ಯಾ ಇಲ್ಲಿ ಧೂಳು ಕುಡಕೊಂತ ಕುಂದ್ರಬಾರದು."

"ಯಾವ ವಿಷಯ ತಗೊಳ್ಲಿ? ಪಗಾರದ್ದೋ, ಸಾಮಾನಿಂದೋ?" ಎಂದು ಗಾಳೆಪ್ಪ ಕೇಳಿದ.

"ಸಾಮಾನಿಂದು ತಗೋ," ಎಂದ ಪಕ್ಕದಲ್ಲಿ ಕೂತಿದ್ದ ಎರ್ರಿಯಪ್ಪ. "ಕಂಪ್ಯೂಟರ್ ಯಾರಾದ್ರೂ ಕಲೀತಾರ. ಹನ್ನೆರಡು ವರ್ಷ ಉಗ್ರಾಣ ನೋಡಿದೋರು ಎಲ್ಲಿ ಸಿಗಬೇಕು?"

ಕ್ಯಾಂಟೀನಿನ ಜಂಬಕ್ಕ ಕೇಳದೆಯೇ ಎರಡು ಮಿರ್ಚಿ ಬಜ್ಜಿ ತಂದಿಟ್ಟಳು. "ತಿನ್ನಪ್ಪಾ, ಭಾಳ ಸೊರಗೀದಿ."

ಅರ್ಜಿ ತುಂಬಲು ಹೋದ ಎರ್ರಿಯಪ್ಪನ ಗ್ರೀಸಿನ ಹೆಬ್ಬೆಟ್ಟು ಗಾಳೆಪ್ಪನ ಹೆಸರಿನ ಮೇಲೆಯೇ ಒತ್ತಿತು. ಸುಂಕಪ್ಪ ಸೀಮೆಎಣ್ಣೆ ಹಚ್ಚಿ ಒರೆಸಿದ, ಅಪ್ಪನ ಹೆಸರೂ ಹೋಯಿತು. ಬೇರೆ ಹಾಳೆಯಲ್ಲಿ ಹೊಸ ಅರ್ಜಿ ಬರೆಯಲು, ಫೋಟೊ ತೆಗೆಸಲು ಇಬ್ಬರೂ ಅರ್ಧ ದಿನದ ರಜೆ ಹಾಕಿದರು, ಅದೂ ಅಜ್ಜಿಯನ್ನು ಸಾಯಿಸದೆ! ಒಂದೇ ಸ್ಕೂಟರಿನಲ್ಲಿ ಮೂವರೂ ಪೇಟೆಗೆ ಹೊರಟರು. ಸ್ಟುಡಿಯೋದಲ್ಲಿ ಎರ್ರಿಯಪ್ಪ ತನ್ನ ಬಾಚಣಿಗೆಯಿಂದ ಗಾಳೆಪ್ಪನ ತಲೆ ಬಾಚಿದ. ಅವ್ವ ಹೋದ ಮೇಲೆ ಅವನ ತಲೆ ಮುಟ್ಟಿದವರೇ ಇರಲಿಲ್ಲ. ಅವನು ಅಳುತ್ತಲೇ ಇದ್ದುದರಿಂದ ಫೋಟೊ ಮೂರು ಸಲ ತೆಗೆಯಬೇಕಾಯಿತು.

ಅಂಚೆ ಕಚೇರಿ ಮುಚ್ಚಲು ಐದು ನಿಮಿಷ. ಸುಂಕಪ್ಪ ತಾನೇ ಸ್ಟಾಂಪು ನೆಕ್ಕಿ ಅಂಟಿಸಿ, "ಹಾಕಲೇ, ಜಲ್ದಿ!" ಎಂದ.

ಗಾಳೆಪ್ಪ ಲಕೋಟೆಯನ್ನು ನೋಡಿದ, ಇಬ್ಬರನ್ನೂ ನೋಡಿದ. ನೋಡುತ್ತಲೇ ಲಕೋಟೆಯನ್ನು ಪರ್ರನೆ ಹರಿದುಬಿಟ್ಟ.

"ಇಲ್ಲಿ ನನಗ ಯಾರೂ ಇಲ್ಲಂತ ಹೋಗಾಕ ನಿಂತಿದ್ದೆ. ನೀವು ಇಷ್ಟು ಜೀವ ಇಟ್ಟೀರಿ. ನಿಮ್ಮನ್ನ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ!"

ಸುಂಕಪ್ಪನ ನಾಲಿಗೆಯ ಮೇಲೆ ಇನ್ನೂ ಗೋಂದಿತ್ತು. "ಲೇ ಹುಚ್ಚಾ! ನೀ ಹೋದ್ರ ಆ ಕಂಪ್ಯೂಟರ್ ಪೆಟ್ಟಿಗಿ ನಡಸೋರಿಲ್ಲ, ಹಳೇ ರಿಜಿಸ್ಟರು ಬರ್ತೈತಂತ ನಾವು ಓಡಾಡಿದ್ರ..."

ಮುಂದಿನದನ್ನು ಹೇಳಲು ಎರ್ರಿಯಪ್ಪ ಬಿಡಲಿಲ್ಲ, ಸ್ಕೂಟರಿನ ಕಿಕ್ ಒದ್ದ. ಇಬ್ಬರೂ ಹೋದರು. ಗಾಳೆಪ್ಪ ಚೂರುಗಳನ್ನು ಆರಿಸಿಕೊಂಡು ಏಳುವಷ್ಟರಲ್ಲಿ ಅಂಚೆ ಕಚೇರಿಯ ಬಾಗಿಲೂ ಮುಚ್ಚಿತು. ಅವನು ಕಂಪನಿಯವರೆಗೂ ಕಾಲುವೆ ದಂಡೆಯ ಮೇಲೆ ಒಬ್ಬನೇ ನಡೆದ.

ಅಷ್ಟರಲ್ಲಿ ಸುದ್ದಿ ಮ್ಯಾನೇಜರ್ ವಿರುಪಾಕ್ಷಪ್ಪನವರಿಗೆ ಮುಟ್ಟಿತ್ತು. ಅವರು ಗೇಟಿನವರೆಗೂ ಬಂದು ಗಾಳೆಪ್ಪನ ಕೈ ಹಿಡಿದುಕೊಂಡರು.

"ಹೈದರಾಬಾದ್ ಬ್ಯಾಡ ಅಂದ್ರಂತ! ಕಂಪನಿ ಮ್ಯಾಲೆ ಎಂಥಾ ಪ್ರೀತಿರಿ ನಿಮಗ! ನಾಳಿಯಿಂದ ನೀವು ಎಲ್ಲರ ಜೋಡಿ ಕ್ಯಾಂಟೀನಿನಾಗ ಕುಂದ್ರೋದು ಬ್ಯಾಡ. ಚಹಾ, ಊಟ ಎಲ್ಲಾ ನಿಮ್ಮ ರೂಮಿಗೇ ಕಳಸ್ತೀನಿ."