ಅಕ್ಕನಿಗೆ ಬೇಕಾದ ಉಗುಳು

ನಮ್ಮ ಅಕ್ಕನನ್ನು ಮದುವೆಗೆ ಕರೆದರೆ ಊಟಕ್ಕೆ ಬರುವುದಿಲ್ಲ, ಉಗುಳಿಗೆ ಬರುತ್ತಾಳೆ!

ಮೂಗು ಮುರಿಯಬೇಡಿ, ಖರೆ ಹೇಳುತ್ತಿದ್ದೇನೆ. ಅಕ್ಷತೆ ಬಿದ್ದು ಮಂದಿಯೆಲ್ಲ ಊಟದ ಪಂಕ್ತಿಯ ಕಡೆ ಓಡುವ ಹೊತ್ತಿನಲ್ಲಿ ಈಕೆ ಕೈಚೀಲದಿಂದ ಬೆರಳುದ್ದದ ಡಬ್ಬಿ ತೆಗೆದು ಬಳಗದವರ ಮುಂದೆ ಹಿಡಿಯುತ್ತಾಳೆ. "ಊಟಕ್ಕ ಕುಂಡ್ರೂಕಿಂತ ಮೊದಲ ಇದರಾಗ ಒಂದೀಟು ಉಗುಳಿ ಹೋಗ್ರಿ!" ಹೋಳಿಗೆಯ ವಾಸನೆಗೆ ಆಗಲೇ ಬಾಯಲ್ಲಿ ನೀರೂರಿರುತ್ತದಂತೆ, ಡಬ್ಬಿ ಬೇಗ ತುಂಬುತ್ತದಂತೆ. ಇದು ವಿಜ್ಞಾನಿಯ ಲೆಕ್ಕಾಚಾರ.

ಆಕೆ ನಮ್ಮ ದೊಡ್ಡಪ್ಪನ ಮಗಳು. ದೂರದ ಊರಿನ ಪ್ರಯೋಗಾಲಯದಲ್ಲಿ ಮೂರು ದಶಕಗಳಿಂದ ಒಂದೇ ಪ್ರಶ್ನೆ ಹಿಡಿದು ಕೂತಿದ್ದಾಳೆ: ಗರ್ಭದಲ್ಲಿ ಹೃದಯ ಹೇಗೆ ಕಟ್ಟಿಕೊಳ್ಳುತ್ತದೆ, ಕೆಲವು ಕೂಸುಗಳಲ್ಲಿ ಅದೇಕೆ ಅರೆಬರೆಯಾಗುತ್ತದೆ, ತಲೆಮಾರಿನಿಂದ ತಲೆಮಾರಿಗೆ ಬರುವ ಯಾವ ಜೀನು ಅದರಲ್ಲಿ ಕೈಯಾಡಿಸಿರುತ್ತದೆ? ನಮ್ಮ ಬಳಗದಲ್ಲಿ ಎದೆಯಲ್ಲಿ ತೊಂದರೆ ಇರುವ ಕೂಸು ಆಗೊಂದು ಈಗೊಂದು ಹುಟ್ಟಿದ್ದುಂಟು. ಜೀನು ಉಗುಳಿನಲ್ಲೂ ಸಿಗುತ್ತದಂತೆ, ಹಾಗಾಗಿ ಬಳಗದ ಉಗುಳೆಲ್ಲ ಆಕೆಗೆ ಬೇಕು. ಯಾರು ಯಾರಿಗೆ ಏನಾಗಬೇಕು ಎಂಬುದೂ ಬೇಕು. ಗದಗಿನಲ್ಲಿ ನನ್ನದೊಂದು ಮುದ್ರಣಾಲಯವಿದೆ. ಅಲ್ಲಿ ಅಚ್ಚಾಗುವ ನಮ್ಮವರ ಲಗ್ನಪತ್ರಿಕೆಗಳ ಮೊದಲ ಪ್ರತಿ ದೇವರಿಗೆ, ಎರಡನೆಯದು ಅಕ್ಕನಿಗೆ. ಸೋದರಮಾವನಿಗೆ ಕೊಟ್ಟ ಹುಡುಗಿ ಯಾರು, ಅತ್ತೆಯ ಮನೆಯಿಂದ ತಂದ ಸೊಸೆ ಯಾರು ಎಂದು ಅದನ್ನು ನೋಡಿಯೇ ಚಿತ್ರ ಬಿಡಿಸುತ್ತಾಳೆ. ಗಂಡಿಗೆ ಚೌಕ, ಹೆಣ್ಣಿಗೆ ದುಂಡು, ಎದೆಯ ತೊಂದರೆ ಇದ್ದವರಿಗೆ ಕಪ್ಪು ಬಣ್ಣ, ತೀರಿಕೊಂಡವರ ಮೇಲೆ ಓರೆ ಗೆರೆ. ನಮ್ಮ ಕುಲವೆಲ್ಲ ಆಕೆಯ ಕಾಗದದ ಮೇಲೆ ಚೌಕಾಬಾರದ ಮನೆಯಂತೆ ಹರಡಿಕೊಂಡಿದೆ.

ಉಗುಳುವ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಬೇರೆ ಹಾಕಬೇಕು. ಲಕ್ಷ್ಮೇಶ್ವರದ ಕಾಕಾ ಕಾಗದವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಹಿಂದೂ ಮುಂದೂ ನೋಡಿದರು.

"ಇದಕ್ಕ ಸಹಿ ಮಾಡಿದ್ರ ನನ್ನ ಹೊಲ ಯಾರ ಹೆಸರಿಗೆ ಹೊಕ್ಕೈತಿ?"

"ಹೊಲ ಎಲ್ಲೂ ಹೋಗೂದಿಲ್ಲ ಕಾಕಾ. ಉಗುಳ ಅಷ್ಟ ಹೋಗೂದು."

"ಹಂಗಾರ ಎರಡು ಡಬ್ಬಿ ತಗೋ!"

ಸಹಿ ಮುಗಿದದ್ದೇ ಅಂಗಿಯ ಗುಂಡಿ ಬಿಚ್ಚಿ, "ಹೆಂಗೂ ಬಂದೀಯಲ್ಲ, ನನ್ನ ಎದಿನೂ ನೋಡಿಬಿಡು" ಎಂದರು.

"ನಾ ಆ ಡಾಕ್ಟರ್ ಅಲ್ಲ ಕಾಕಾ. ನಾ ಮೀನಿನ ಎದಿ ನೋಡಾಕಿ."

ಕಾಕಾ ದಂಗಾದರು. ಅಕ್ಕನ ಪ್ರಯೋಗಾಲಯದಲ್ಲಿ ಪಟ್ಟಾಪಟ್ಟಿ ಬಣ್ಣದ, ಬೆರಳಿನಷ್ಟೂ ಇಲ್ಲದ ಮೀನುಗಳಿವೆ. ಅವುಗಳ ಮರಿ ಗಾಜಿನಂತೆ ಪಾರದರ್ಶಕ. ತತ್ತಿಯಲ್ಲಿರುವಾಗಲೇ ಎದೆ ಬಡಿಯುವುದು ಕಾಣುತ್ತದೆ. ಇದನ್ನೆಲ್ಲ ಕೇಳಿಸಿಕೊಂಡ ಕಾಕಾ, "ಮೀನಿಗೂ ಹಾರ್ಟ್ ಅಟ್ಯಾಕ್ ಆಕ್ಕೈತೇನು?" ಎಂದರು.

"ಆದ್ರೂ ಅದು ನಿಮ್ಮಂಗ ಮತ್ತೊಂದು ಪ್ಲೇಟ್ ಮಿರ್ಚಿ ತಾ ಅನ್ನೂದಿಲ್ಲ ಬಿಡ್ರಿ!"

ಆದರೆ ಅಕ್ಕನ ವಿಜ್ಞಾನಕ್ಕೆ ನಮ್ಮ ಸೀಮೆಯಲ್ಲಿ ನಿಜವಾದ ಶತ್ರು ಚಹಾ. ಉಗುಳುವ ಮೊದಲು ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು ಎಂಬ ನಿಯಮವಿದೆ. ಹೊಸ್ತಿಲು ದಾಟಿದವರ ಕೈಗೆ ಚಹಾ ಕೊಡದೆ ಅರ್ಧ ಗಂಟೆ ಕೂಡಿಸುವ ಮನೆ ನಮ್ಮ ಕಡೆ ಎಲ್ಲಿದೆ, ತೋರಿಸಿ! ಆಕೆಗೆ ಕೊಟ್ಟರೆ ಮನೆಯವರೂ ಕುಡಿಯಲೇಬೇಕು. ಅರ್ಧ ಗಂಟೆ ಮುಗಿಯುತ್ತ ಬಂತು ಎನ್ನುವಾಗ, ಆಕೆ ಬಂದಿದ್ದಾಳೆಂದು ಪಕ್ಕದ ಮನೆಯವರು ಬರುತ್ತಾರೆ. ಮತ್ತೆ ಚಹಾ! ಶಿರಹಟ್ಟಿಯ ಅತ್ತೆಯ ಮನೆಯಲ್ಲಿ ಹೀಗೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕೂತಳು. ಅದರ ಮೇಲೆ ಸೊಸೆಗೆ ನಾಚಿಕೆ. ಮಾವನ ಎದುರಿಗೆ ಉಗುಳುವುದೆಂದರೇನು! ಕೊನೆಗೆ ಅತ್ತೆಯೇ, "ಐದೂ ಡಬ್ಬಿ ಇಟ್ಟು ಹೋಗವಾ. ಮುಂಜಾನಿ ತಯಾರ ಇರ್ತಾವು" ಎಂದರು. ಮುಂಜಾನೆ ಹೋದರೆ ಕಿಟಕಿಯ ಕಟ್ಟೆಯ ಮೇಲೆ ಐದು ಡಬ್ಬಿಗಳು ಕಂಠದವರೆಗೆ ತುಂಬಿ, ಸಾಲಾಗಿ ನಿಂತಿದ್ದವು. ಅಕ್ಕನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ತಿಂಗಳೊಪ್ಪತ್ತಿನ ಮೇಲೆ ಅತ್ತೆಗೆ ಫೋನು ಬಂತು.

"ಅತ್ತಿ, ಐದೂ ಡಬ್ಯಾಗ ಒಬ್ಬಾಕಿದ ಉಗುಳೈತಿ. ಮಾಮಾನ ಡಬ್ಯಾಗೂ ಹೆಂಗಸಿಂದ ಐತಿ!"

ಅತ್ತೆ ಒಂದಿಷ್ಟೂ ಅಳುಕಲಿಲ್ಲ. "ಹೌದವಾ, ಎಲ್ಲಾ ನಾನ ತುಂಬೇನಿ. ಈ ಮನ್ಯಾಗ ಯಾರು ಏನ್ ಮಾಡ್ತಾರ? ಅಡಗಿ ನಾನ, ಅರಬಿ ಒಗಿಯೂದು ನಾನ, ಇನ್ನ ಉಗುಳೂದೂ ನಾನ!"

ಹೀಗೆ ಎಲ್ಲರ ಉಗುಳಿನ ಕತೆ ಹೇಳಿ ನಗುವ ನಾನು ಮಾತ್ರ ಒಮ್ಮೆಯೂ ಉಗುಳಿರಲಿಲ್ಲ. ಅಕ್ಕ ಗದಗ ಸ್ಟೇಷನ್ನಿನಲ್ಲಿ ಇಳಿದಳೆಂಬ ಖಬರು ಬಂದರೆ ಸಾಕು, ಒಂದು ಕಪ್ ಚಹಾ ಹೀರಿಬಿಡುತ್ತಿದ್ದೆ. ಆಕೆ ಮುದ್ರಣಾಲಯದ ಮೆಟ್ಟಿಲು ಹತ್ತುವಾಗ ಇನ್ನೊಂದು. ಯಾಕೆ ಎನ್ನುತ್ತೀರಿ? ಹೆದರಿಕೆ! ಮೋಡ ಕವಿದರೆ ಸಿಡಿಲಿಗೆ, ಕವಿಯದಿದ್ದರೆ ಬಿಸಿಲಿಗೆ ಹೆದರುವ ಜಾತಿ ನನ್ನದು. ಆದರೆ ಇದು ಅಂಥ ಹೆದರಿಕೆಯಲ್ಲ.

ನನ್ನ ಮಗಳು ಎದೆಯಲ್ಲಿ ತೂತಿಟ್ಟುಕೊಂಡೇ ಹುಟ್ಟಿದವಳು. ಹೃದಯದ ಎರಡು ಕೋಣೆಗಳ ನಡುವಿನ ಗೋಡೆ ಪೂರ್ತಿ ಮುಚ್ಚಿರಲಿಲ್ಲ. ನಾಲ್ಕನೆಯ ವಯಸ್ಸಿಗೆ ಆಪರೇಷನ್ ಆಯಿತು, ಗಟ್ಟಿಯಾದಳು. ಗ್ರಹಣದ ದಿನ ಸೊಸೆ ಈಳಿಗೆ ಮುಟ್ಟಿದ್ದಕ್ಕೇ ಹೀಗಾಯಿತೆಂದು ನಮ್ಮವ್ವ ಸಾಯುವತನಕ ಅನ್ನುತ್ತಿದ್ದಳು. ನಾನು ಸುಮ್ಮನಿದ್ದೆ. ಏಕೆಂದರೆ ನನ್ನ ಲೆಕ್ಕವೇ ಬೇರೆಯಿತ್ತು. ಐದನೆಯ ತಿಂಗಳಲ್ಲಿ ಹೆಂಡತಿಯ ತವರು ಮುಂಡರಗಿಯಲ್ಲಿ ಕುಬಸ ಮಾಡಿದರು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬಿಸಿಕೊಂಡ ಬಸುರಿಯನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಆ ತಗ್ಗುದಿನ್ನೆಯ ರಸ್ತೆಯಲ್ಲಿ ಗದಗಿನವರೆಗೆ ತಂದವನು ನಾನು. ಪ್ರತಿ ತಗ್ಗಿಗೂ ಆಕೆ 'ಯವ್ವಾ' ಎಂದದ್ದು ನನ್ನ ಕಿವಿಯಲ್ಲಿ ಇಂದಿಗೂ ಇದೆ. ಆ ತಗ್ಗುಗಳಲ್ಲೇ ಎಲ್ಲೋ ಕೂಸಿನ ಎದೆ ತೂತಾಯಿತೆಂದು ನಂಬಿದ್ದೆ. ನಂಬಿಯೂ, ಗ್ರಹಣದ ಮರೆಯಲ್ಲಿ ನನ್ನ ಸ್ಕೂಟರನ್ನು ಬಚ್ಚಿಟ್ಟಿದ್ದೆ!

ಈಗ ಆ ಮಗಳಿಗೇ ಐದು ತಿಂಗಳು. ಹೊಟ್ಟೆಯಲ್ಲಿರುವ ಕೂಸಿನ ಎದೆ ನೋಡುವ ಸ್ಕ್ಯಾನ್ ಮಾಡಿಸಲೇಬೇಕೆಂದು ಅಕ್ಕ ಪಟ್ಟು ಹಿಡಿದಳು. ರಜೆ ಹಾಕಿ ತಾನೇ ಬಂದಳು. ಹುಬ್ಬಳ್ಳಿಯ ಒಂದು ಆಸ್ಪತ್ರೆ. ಹೆಂಡತಿ ಮಗಳೊಂದಿಗೆ ಒಳಗೆ ಹೋದಳು. ಹೊರಗೆ ಬೆಂಚಿನ ಮೇಲೆ ನಾನು ಮತ್ತು ಅಕ್ಕ. ಗೋಡೆಯ ಮೇಲಿನ ಸೂಚನೆಗಳನ್ನೆಲ್ಲ ನಾಲ್ಕು ಸಲ ಓದಿ ಮುಗಿಸಿದೆ. ಐದನೆಯ ಸಲಕ್ಕೆ ತಡೆಯಲಾಗದೆ ಸ್ಕೂಟರಿನ ಕತೆಯನ್ನು ಕಕ್ಕಿಬಿಟ್ಟೆ.

ಅಕ್ಕ ನಗಲಿಲ್ಲ. "ಎಷ್ಟನೇ ತಿಂಗಳಂದಿ?"

"ಐದು."

"ಅಲ್ಲಲೇ, ಎರಡು ತಿಂಗಳು ತುಂಬೂದರಾಗ ಎದಿಯೊಳಗಿನ ಗ್ವಾಡಿ ಕಟ್ಟಿ ಮುಗಿದಿರತೈತಿ. ಆ ತೂತು ಅದಕೂ ಮೊದಲಿಂದು. ನೀ ಸ್ಕೂಟರಿಗೆ ಕಿಕ್ ಹೊಡಿಯೂದರಾಗ ಎಲ್ಲಾ ಆಗಿಹೋಗಿತ್ತು."

"ಗ್ರಹಣ?"

"ಗ್ರಹಣಕ್ಕ ಬ್ಯಾರೆ ಕೆಲಸ ಇಲ್ಲೇನು?"

"ಹಂಗಾರ ನನ್ನ ಉಗುಳಿನಾಗ ಇದ್ರ? ಆಗ ತಪ್ಪು ನಂದ ಅಲ್ಲೇನು?"

"ಜೀನು ಅಂದ್ರ ನೀ ಆರಿಸಿ ಕೊಟ್ಟ ಉಡುಗೊರಿ ಏನು? ನಿನಗೂ ಯಾರೋ ಕೇಳದ ಕೊಟ್ಟಿದ್ದು. ಇರಬಹುದು, ಇರಲಿಕ್ಕಿಲ್ಲ. ತಿಳಕೊಂಡ್ರ ಕೂಸಿಗೆ ಉಪಯೋಗ. ಹೆದರಿ ಚಹಾ ಕುಡದ್ರ ಚಹಾದ ಅಂಗಡಿಯವಗ ಅಷ್ಟ ಉಪಯೋಗ!"

ಅಂದರೆ ಗೊತ್ತಿತ್ತು ಆಕೆಗೆ!

ಬಾಗಿಲು ತೆರೆಯಿತು. ಮಗಳು ನಗುತ್ತ ಬಂದಳು. ಹಿಂದೆ ಬಂದ ಡಾಕ್ಟರು, "ಈಗ ಕಾಣುವ ಮಟ್ಟಿಗೆ ಕೂಸಿನ ಹೃದಯ ಸರಿಯಾಗಿದೆ" ಎಂದರು. 'ಕಾಣುವ ಮಟ್ಟಿಗೆ' ಎಂದರೆ ಎಷ್ಟು ಮಟ್ಟಿಗೆ ಎಂದು ಕೇಳಲು ಬಾಯಿ ತೆರೆದೆ. ಅಕ್ಕ ಕಾಲು ತುಳಿದಳು. ಮುಚ್ಚಿಕೊಂಡೆ.

ಮಗಳನ್ನು ಅಲ್ಲಿಯೇ ಆಕೆಯ ಗಂಡನ ಮನೆಗೆ ಮುಟ್ಟಿಸಿ, ನಾವು ಮೂವರು ಗದಗಿಗೆ ಅಂಟಿಕೊಂಡ ಬೆಟಗೇರಿಯ ನಮ್ಮ ಮನೆಗೆ ಬಂದೆವು. ಎದೆಯ ಮೇಲಿಂದ ಒಂದು ಅಚ್ಚಿನ ಯಂತ್ರವನ್ನೇ ಇಳಿಸಿದ ಹಾಗಿತ್ತು. ಆ ಹಗುರದಲ್ಲೇ ಹೆಂಡತಿಯ ಮುಂದೆಯೂ ಸ್ಕೂಟರಿನ ತಪ್ಪೊಪ್ಪಿಗೆ ಮಾಡಿದೆ. ಆಕೆ ಚಹಾದ ತಟ್ಟೆ ಹಿಡಿದು ನಿಂತಲ್ಲೇ ನಿಂತಳು.

"ಬಸ್ ಬ್ಯಾಡ, ಸ್ಕೂಟರ್ ಮ್ಯಾಲೆ ಹೋಗೂನು ಅಂತ ಹಟ ಹಿಡದಾಕಿ ನಾನರಿ! ನೀವು ಅದನ್ನ ಎಲ್ಲಿ ನೆನಪ ತಗೀತೀರಿ ಅಂತ ಇಷ್ಟು ವರ್ಷ ನಾ ಹೆದರೇನಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಪೆದ್ದುಪೆದ್ದಾಗಿ ನಕ್ಕೆವು. ಅಕ್ಕ ಮಾತ್ರ ತನ್ನ ಚಿತ್ರ ಬಿಡಿಸಿಕೊಂಡು ಕೂತಿದ್ದಳು. ಕಪ್ಪು ಮಾಡಿದ ಮಗಳ ದುಂಡಿನ ಕೆಳಗೆ ಹುಟ್ಟಲಿರುವ ಕೂಸಿಗೆ ಗಂಡೂ ಅಲ್ಲದ ಹೆಣ್ಣೂ ಅಲ್ಲದ ಒಂದು ಶಂಕರಪೋಳಿಯ ಆಕಾರ ಬರೆದು, ಅದನ್ನು ಬಿಳಿಯಾಗಿಯೇ ಬಿಟ್ಟಳು. ಆಗ ನನ್ನ ಕಣ್ಣು ಮೇಲಿನ ಸಾಲಿಗೆ ಹೋಯಿತು. ಅಕ್ಕನ ದುಂಡಿನ ಪಕ್ಕದಲ್ಲಿ ಕಪ್ಪಾದ ಒಂದು ಪುಟ್ಟ ಚೌಕ. ಅದರ ಮೇಲೆ ಓರೆಯಾಗಿ ಎಳೆದ ಗೆರೆ.

"ಇದು ಯಾರಕ್ಕಾ?"

"ನನ್ನ ತಮ್ಮ. ನೀ ಆಗ ಹುಟ್ಟಿದ್ದಿಲ್ಲ. ಮೂರು ವರ್ಷ ಇದ್ದ. ತುಟಿ ನೀಲಿ ಆಗತಿದ್ವು. ನಾಕ ಹೆಜ್ಜಿ ಓಡಿದ್ರ ಕುಕ್ಕರಗಾಲಿನಾಗ ಕೂಡತಿದ್ದ. ಆಟ ಅಂತಿದ್ದಿವಿ ನಾವು." ಪೆನ್ಸಿಲನ್ನು ಕೆಳಗಿಟ್ಟಳು. "ಅವ ಹೊಟ್ಟ್ಯಾಗಿದ್ದಾಗ ನಾ ಓಡಿ ಬಂದು ಅವ್ವನ ಮ್ಯಾಲೆ ಬಿದ್ದಿದ್ದೆ. ನೀನ ಮಾಡಿದ್ದು ಅಂದ್ರು ಮನಿಯಾಗ. ನನಗ ಆರು ವರ್ಷ."

ನನ್ನ ಕಡೆ ನೋಡಿದಳು. "ನಿನ್ನ ತಪ್ಪಲ್ಲಂತ ನಿನಗ ಐದು ನಿಮಿಷದಾಗ ಹೇಳಿದ್ನಲ್ಲ? ಅದು ನನಗ ತಿಳೀಬೇಕಂದ್ರ ಎಷ್ಟು ಮೀನ ಬೇಕಾದ್ವು ಗೊತ್ತೇನು?"

ಹೆಂಡತಿ ಚಹಾದ ಕಪ್ಪನ್ನು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಟೀಪಾಯಿಯ ಮೇಲೆ, ಆದಷ್ಟು ದೂರ ಸರಿಸಿದೆ.

"ಈಗ ಬ್ಯಾಡ. ಅರ್ಧ ತಾಸು ಹೋಗಲಿ."

ಅಕ್ಕ ಕೈಗಡಿಯಾರ ನೋಡಿಕೊಂಡಳು. ಚಹಾ ಆರಿ ಕೆನೆಗಟ್ಟುವತನಕ ಮೂವರೂ ಅವಳ ತಮ್ಮನ ಮಾತಾಡಿದೆವು. ನಮ್ಮ ಮನೆಯಲ್ಲಿ ಯಾರೂ ಎತ್ತದ ಅವನ ಹೆಸರನ್ನು ಆಕೆ ಅಂದು ಎಷ್ಟೋ ಸಲ ಹೇಳಿದಳು. ಹೊತ್ತು ಮುಗಿದಾಗ ಡಬ್ಬಿಯನ್ನು ನನ್ನ ಮುಂದೆ ಹಿಡಿದಳು. ಇಷ್ಟು ವರ್ಷ ತಪ್ಪಿಸಿಕೊಂಡವನು ಕೊನೆಗೂ ಬಾಯಿ ತೆರೆದೆ. ಕಣ್ಣು ತುಂಬಿತ್ತು, ಬಾಯಿ ಮಾತ್ರ ಒಣಗಿಹೋಗಿತ್ತು.

"ಗಡಿಬಿಡಿ ಇಲ್ಲ ತಮ್ಮಾ," ಎಂದಳು ಅಕ್ಕ, "ಕುಂಡ್ರು."