ಆರ್ಟ್ಸ್ ಕಾಲೇಜಿನಲ್ಲಿ ಆರು ಮಂದಿ ಫಿಜಿಕ್ಸ್

ಬಿ.ಎ. ಓದುವವರು ತುಂಬಿ ತುಳುಕುವ ಕಾಲೇಜಿನಲ್ಲಿ ಆರೇ ಮಂದಿ ಫಿಜಿಕ್ಸ್ ಓದಿದರೆ ದಿನಕ್ಕೊಂದು ಫಜೀತಿ ಗ್ಯಾರಂಟಿ. ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಬಸ್ಸು ಹತ್ತಿ ಬರುತ್ತದೆ.

ನಮ್ಮದು ಸಿರುಗುಪ್ಪದ ಸಣ್ಣ ಕಾಲೇಜು. ಇತಿಹಾಸ, ಕನ್ನಡ, ಸಮಾಜಶಾಸ್ತ್ರಕ್ಕೆ ಹೆಸರಾದದ್ದು. ಅಲ್ಲಿ ಹೊಸದಾಗಿ ಫಿಜಿಕ್ಸ್-ಎಲೆಕ್ಟ್ರಾನಿಕ್ಸ್ ವಿಭಾಗ ತೆರೆದರು. ನಾವೇ ಮೊದಲ ಬ್ಯಾಚು. ಪಾಠಕ್ಕೆ ಕುರುಗೋಡಿನಿಂದ ಬರುವ ಒಬ್ಬರೇ ಸರ್. ಎರಡನೇ ವರ್ಷ ಯೂನಿವರ್ಸಿಟಿಯ ಕಮಿಟಿ ಬಂದು ನೋಡುತ್ತದೆ, ಒಪ್ಪದಿದ್ದರೆ ವಿಭಾಗಕ್ಕೆ ಬೀಗ ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದರು. ಬೀಗ ಬಿದ್ದರೆ ಉಳಿದ ಐವರು ಬಳ್ಳಾರಿಗೆ ಹೋಗುತ್ತಾರೆ. ನನಗೆ ಆ ದಾರಿ ಇರಲಿಲ್ಲ. "ಸಿರುಗುಪ್ಪ ಆದ್ರ ಓದು. ಬಳ್ಳಾರಿ ಅಂದ್ರ ಓದು ಬಂದ್" ಎಂದು ದೇಶನೂರಿನ ನಮ್ಮ ಮನೆಯ ಹೊಸ್ತಿಲಲ್ಲೇ ಅವ್ವ ತೀರ್ಪು ಕೊಟ್ಟಿದ್ದಳು. ನನಗೋ ಫಿಜಿಕ್ಸ್ ಎಂದರೆ ಜೀವ. ಹೊಸ ಪಾಠ ಇದ್ದ ದಿನ ಬೆಳಗಿನ ರೊಟ್ಟಿಯನ್ನೂ ಅರ್ಧಕ್ಕೇ ಬಿಟ್ಟು ಬಸ್ಸಿಗೆ ಓಡುತ್ತಿದ್ದೆ, ಅಷ್ಟು ಖುಷಿ.

ಬಸ್ಸಿನ ಡಾಕ್ಟರಮ್ಮ

ಒಂದು ದಿನ ಬಸ್ಸಿನಲ್ಲಿ ಒಬ್ಬ ಅಜ್ಜಿ ಕೇಳಿದಳು, "ಏನು ಓದಾಕ ಹತ್ತೀಯವ್ವಾ?"

"ಫಿಜಿಕ್ಸ್, ಅಜ್ಜಿ."

"ಹೌದಾ! ನನ್ನ ಮೊಮ್ಮಗಳೂ ಅದನ್ನ ಮಾಡಿಸ್ಕೋ ಅಂತಾಳ" ಎಂದವಳೇ ಸೀರೆ ತುಸು ಸರಿಸಿ ಬಲಗಾಲನ್ನು ನನ್ನ ಬ್ಯಾಗಿನ ಮೇಲೆ ಇಟ್ಟಳು. "ಮೊಣಕಾಲು ನೋಡು."

ಅಜ್ಜಿ ಕೇಳಿಸಿಕೊಂಡದ್ದು ಫಿಜಿಯೋಥೆರಪಿ, ನಾನು ಹೇಳಿದ್ದು ಫಿಜಿಕ್ಸ್. ಬಿಡಿಸಿ ಹೇಳೋಣ ಎನ್ನುವಷ್ಟರಲ್ಲಿ ಅವಳ ಊರುಗೋಲು ಕಣ್ಣಿಗೆ ಬಿತ್ತು. ನೋವು ಬಲಗಾಲಿಗೆ, ಕೋಲೂ ಬಲಗೈಯಲ್ಲೇ! ಹಿಂದಿನ ದಿನವಷ್ಟೇ ಸರ್ ಭಾರ ಎಲ್ಲಿ ಬೀಳುತ್ತದೆ, ಆಧಾರ ಎಲ್ಲಿರಬೇಕು ಎಂದು ಬೋರ್ಡಿನ ತುಂಬ ಬರೆದು ತೋರಿಸಿದ್ದರು. ನನಗೆ ತಡೆಯಲಾಗಲಿಲ್ಲ. "ಅಜ್ಜಿ, ಕೋಲು ಎಡಗೈಗೆ ತಗೋ" ಎಂದೆ. ಅಜ್ಜಿ ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕಿ ಕಿಟಕಿಯ ಕಡೆ ತಿರುಗಿ ಕೂಗಿದಳು, "ಹಗುರಾತವ್ವಾ!"

ಮುಂದಿನ ವಾರ ಅದೇ ಬಸ್ಸಿನಲ್ಲಿ ನಾಲ್ಕು ಮೊಣಕಾಲು ಮತ್ತು ಒಂದು ಸೊಂಟ ಕಾದಿದ್ದವು. ನಾನು ಹತ್ತಿದ್ದೇ ತಡ ಕಂಡಕ್ಟರ್ ಕೂಗಿದ, "ಡಾಕ್ಟರಮ್ಮಗ ಸೀಟು ಬಿಡ್ರೀ!"

ವರ್ಷವಿಡೀ ನಿಂತೇ ಬಂದವಳು ನಾನು. ಅಂದಿನಿಂದ ಯಾರನ್ನೂ ತಿದ್ದಲು ಹೋಗಲಿಲ್ಲ.

ಹದಿನೇಳು ರಸ

ನಮ್ಮ ಲ್ಯಾಬು ಎಂದರೆ ಕನ್ನಡ ತರಗತಿಯ ಅರ್ಧ ಭಾಗ. ನಡುವೆ ಒಂದು ಪ್ಲೈವುಡ್ ಗೋಡೆ. ಈಚೆ ನಾವು ಲೋಲಕ ತೂಗಿಬಿಟ್ಟು ಅದರ ಓಲಾಟ ಎಣಿಸುತ್ತಿದ್ದೆವು. ಆಚೆ ಕನ್ನಡ ಮೇಡಂ ರಸಗಳ ಪಾಠ ಮಾಡುತ್ತಿದ್ದರು. ನನ್ನ ಗೆಳತಿಯ ಅಪ್ಪನಿಗೆ ಕೂಲರ್ ರಿಪೇರಿ ಅಂಗಡಿ. ಗಡಗಡ ಎನ್ನುವ ಕೂಲರುಗಳ ನಡುವೆಯೇ ಬೆಳೆದ ಅವಳಿಗೆ ಮೆಲ್ಲಗೆ ಮಾತಾಡುವುದು ಗೊತ್ತಿಲ್ಲ. ಎಣಿಸುವ ಕೆಲಸ ಅವಳದು.

ಮೇಡಂ ಕೇಳಿದರು, "ಹೇಳ್ರಿ ನೋಡೋಣ, ರಸಗಳು ಎಷ್ಟು?"

ಈ ಕಡೆಯಿಂದ ಗೋಡೆ ನಡುಗುವಂತೆ ಉತ್ತರ ಹೋಯಿತು: "ಹದಿನೇಳು!"

ಆಚೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಮೇಡಂ ಬಾಗಿಲಲ್ಲಿ ಇಣುಕಿ ತಣ್ಣಗೆ ಹೇಳಿದರು, "ನಮ್ಮ ಕಡೆ ಒಂಬತ್ತೇ ಇರೋದು. ಉಳಿದ ಎಂಟು ಪ್ರಾಕ್ಟಿಕಲ್ ಪರೀಕ್ಷೆ ದಿನ ನಿಮ್ಮ ಮಕದ ಮ್ಯಾಲೆ ಕಾಣ್ತಾವು ಬಿಡ್ರಿ."

ಸೊನ್ನೆ ಕೆಲಸ

ಅಪ್ಪ ರೈಸ್ ಮಿಲ್ಲಿನಲ್ಲಿ ಹಮಾಲಿ. ಹೊಸ ಪಾಠದ ಹುರುಪಿನಲ್ಲಿ ಊಟಕ್ಕೆ ಕುಳಿತಾಗ ಹೇಳಿದೆ, "ಅಪ್ಪಾ, ಚೀಲ ಹೊತ್ಕೊಂಡು ನಿಂತಲ್ಲೇ ನಿಂತ್ರ ಫಿಜಿಕ್ಸ್ ಪ್ರಕಾರ ನೀ ಮಾಡಿದ ಕೆಲಸ ಸೊನ್ನಿ."

ಅಪ್ಪನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವ್ವ ಒಲೆಯ ಮುಂದಿನಿಂದ ಕೇಳಿದಳು, "ಹಂಗಾರ ನೀ ಮುಂಜಾನಿಂದ ಪುಸ್ತಕ ಹಿಡ್ಕೊಂಡು ಕುಂತಿದ್ದಿ. ಅದು?"

ನಿಯಮ ಎಂದರೆ ನಿಯಮ. "ಅದೂ ಸೊನ್ನಿ" ಎಂದು ಒಪ್ಪಿಕೊಂಡೆ.

"ಏಳು ಮತ್ತ. ಮುಸುರಿ ತಿಕ್ಕು. ಕೈ ಹಿಂದ ಮುಂದ ಆಡ್ತಾವು, ಕೆಲಸ ಆಗ್ತೈತಿ."

ಮರುದಿನ ಸರ್‌ಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. "ನಿಮ್ಮವ್ವ ಮುಂದಿನ ಪಾಠಾನೂ ಮುಗಿಸ್ಯಾರ. ಘರ್ಷಣೆ!"

ಮಾತಾಡುವ ಪೆಟ್ಟಿಗೆ

ಕೊನೆಗೆ ಕಮಿಟಿ ಬರುವ ದಿನ ಗೊತ್ತಾಯಿತು. ನಾವೇ ಕಟ್ಟಿದ ಒಂದು ಯಂತ್ರ ತೋರಿಸಬೇಕಿತ್ತು. ಭತ್ತ ಒಣಗಿದೆಯೋ ಇಲ್ಲವೋ ಎಂದು ನಮ್ಮ ಕಡೆ ಹಲ್ಲಿನಲ್ಲಿ ಕಡಿದು ನೋಡುತ್ತಾರೆ. ನಾವು ಅದಕ್ಕೆ ಒಂದು ಪೆಟ್ಟಿಗೆ ಮಾಡಿದೆವು. ಎರಡು ಮೊಳೆಗಳನ್ನು ಭತ್ತದೊಳಗೆ ಚುಚ್ಚಬೇಕು. ಹಸಿ ಇದ್ದರೆ ಕರೆಂಟು ಸಲೀಸಾಗಿ ಹರಿಯುತ್ತದೆ, ಒಣಗಿದ್ದರೆ ತುಸುವೇ ಹರಿಯುತ್ತದೆ. ಫಲಿತಾಂಶವನ್ನು ಪೆಟ್ಟಿಗೆಯೇ ಬಾಯಿಬಿಟ್ಟು ಹೇಳಲಿ, ಓದು ಬಾರದವರಿಗೂ ತಿಳಿಯಲಿ ಎಂದು ನನ್ನ ಹಟ.

ದನಿಗೆ ಅವ್ವನೇ ಸರಿ. ಮಿಲ್ಲಿನ ಅಂಗಳದಲ್ಲಿ ಭತ್ತ ಒಣಹಾಕುವವಳು ಅವಳು. ಆದರೆ ಫೋನು ಹಿಡಿದ ಕೂಡಲೇ "ಭತ್ತವು ಹಸಿಯಾಗಿರುತ್ತದೆ" ಎಂದು ರೇಡಿಯೋ ವಾರ್ತೆ ಓದಿದಳು. ಹಾಗಾಗಿ ಅಂಗಳದಲ್ಲಿ ಅವಳು ತನ್ನ ತಮ್ಮನಿಗೆ, ಅಂದರೆ ನಮ್ಮ ಮಾವನಿಗೆ, ಬೈಯುವಾಗ ಹಸಿಗೊಂದು, ಒಣಗಿದ್ದಕ್ಕೊಂದು ಮಾತು ಕದ್ದು ರೆಕಾರ್ಡ್ ಮಾಡಿಕೊಂಡೆ. ಆ ದನಿ ತುಂಬಿದ ಚಿಪ್ ಒಂದನ್ನು ಗೆಳತಿ ಪೆಟ್ಟಿಗೆಯೊಳಗೆ ಬೆಸುಗೆ ಹಾಕಿ ಕೂರಿಸಿದಳು.

ಕಮಿಟಿ ಬಂತು. ಅಧ್ಯಕ್ಷರು ನಿವೃತ್ತ ಪ್ರೊಫೆಸರು. ಸಿರುಗುಪ್ಪದ ಬಿಸಿಲಿನಲ್ಲೂ ಕೋಟು ಬಿಚ್ಚಿರಲಿಲ್ಲ, ಬೆವರು ಕೈವರೆಗೂ ಇಳಿಯುತ್ತಿತ್ತು. ನನ್ನ ಓದು ಉಳಿಯುವುದೂ ಮುಗಿಯುವುದೂ ಆ ಪೆಟ್ಟಿಗೆಯ ಮೇಲೆ. ನಾನು ಭತ್ತದ ಡಬ್ಬಿ ತರುವಷ್ಟರಲ್ಲಿ ಅವರು "ಇದೇನು ಮೊಳಿ?" ಎಂದು ಎರಡನ್ನೂ ಬೆರಳಿನಿಂದ ಒತ್ತಿಹಿಡಿದರು.

ಪೆಟ್ಟಿಗೆ ಗರ್ಜಿಸಿತು: "ಹಸಿ ಐತಿ ಲೇ! ಕಣ್ಣು ಕಾಣಂಗಿಲ್ಲೇನು? ಇನ್ನಾ ಎರಡು ದಿನ ಬಿಸಲಿಗಿ ಹಾಕು!"

ಪ್ರಿನ್ಸಿಪಾಲರು ಕುರ್ಚಿ ಹಿಡಿದುಕೊಂಡರು. ನಮ್ಮ ಸರ್ ಫ್ಯಾನು ನೋಡತೊಡಗಿದರು. ಮುಗಿಯಿತು ನನ್ನ ಫಿಜಿಕ್ಸ್ ಎಂದುಕೊಂಡೆ.

"ಯಾರ ದನಿ ಇದು?" ಅಧ್ಯಕ್ಷರು ಕೇಳಿದರು.

"ನಮ್ಮವ್ವಂದು, ಸರ್."

ಅವರು ನೇರ ಬೋರ್ಡಿನ ಹತ್ತಿರ ಹೋದರು. ಕೈ ಒರೆಸಿಕೊಂಡು, ಬೆರಳಿಗೆಲ್ಲ ಚಾಕ್‌ಪುಡಿ ಹಚ್ಚಿಕೊಂಡು ಬಂದು ಮತ್ತೆ ಮೊಳೆ ಮುಟ್ಟಿದರು.

"ಒಣಗೈತಿ! ಚೀಲಕ್ಕ ತುಂಬು!"

ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮವ್ವ ಹೋದ ಮ್ಯಾಲೆ ನನಗ ಲೇ ಅಂದೋರು ಇವರೇ ಮೊದಲು. ಬರ್ಕೊಳ್ರಿ, ವಿಭಾಗ ಮುಂದುವರೀಲಿ!"

ನಾವು ಆರೂ ಮಂದಿ ಲ್ಯಾಬಿನಲ್ಲೇ ಕುಣಿದೆವು. ಸಂಜೆ ಮನೆಗೆ ಓಡಿ ಅವ್ವನಿಗೆ ಎಲ್ಲ ಹೇಳಿದೆ. ಅವಳು ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. "ಅಯ್ಯೋ ಶಿವನೇ! ಅಷ್ಟು ದೊಡ್ಡೋರಿಗಿ ಲೇ ಅಂದ್ನಾ ನಾನು?"

"ಅಂದಿ."

ಆಮೇಲೆ ಕೈ ಕೆಳಗಿಳಿಸಿ ಕೇಳಿದಳು, "ಅವ್ರ ಕೈ ಹಸಿ ಇತ್ತೋ, ಇಲ್ಲೋ?"

"ಹಸೀನೇ ಇತ್ತು."

"ಮತ್ತ? ನಾ ಹೇಳಿದ್ರಾಗ ತಪ್ಪೇನೈತಿ?"