ಬೀಗ ತೆಗೆದ ಬೀಗರು

ಬಸ್ ನಿಲ್ದಾಣದ ಮೈಕಿನಲ್ಲಿ ಇಪ್ಪತ್ತೇಳು ವರ್ಷದಿಂದ ಕೂಗುತ್ತಿರುವ ಗಂಟಲು ನನ್ನದು. ನಾನು ಬಾಯಿ ತೆರೆದರೆ ಐದನೇ ಪ್ಲಾಟ್‌ಫಾರ್ಮಿನಲ್ಲಿ ಗೊರಕೆ ಹೊಡೆಯುವ ಡ್ರೈವರು ಎದ್ದು, ಒಂದನೇ ಪ್ಲಾಟ್‌ಫಾರ್ಮಿನ ಬಸ್ಸು ಹತ್ತಿಬಿಡುತ್ತಾನೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಇದೆಯಲ್ಲ, ನನ್ನ ಬಾಯಿಗೆ ಬರಗಾಲವೇ ಹೆದರಿ ದೂರ ಓಡೀತು!

ಇಂಥ ನನ್ನೆದುರು ಮಗರಾಯ ಒಂದು ಸಂಜೆ ಬಂದು ನಿಂತ. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಿಂದ ದವಾಖಾನೆಗಳಿಗೆ ಅವನ್ನು ತಲುಪಿಸುವುದು ಅವನ ಕೆಲಸ.

"ಅಮ್ಮ, ನಮ್ಮ ಲ್ಯಾಬಲ್ಲಿ ಹಲ್ಲು ಕಟ್ತಾಳಲ್ಲ, ಆ ಹುಡುಗೀನ ಮೆಚ್ಚಿದೀನಿ. ಅವಳಿಗೆ ಹುಟ್ಟಿದಾಗಿಂದ ಕಿವಿ ಕೇಳಿಸಲ್ಲ. ಅವರಪ್ಪನಿಗೂ ಅಷ್ಟೆ."

"ಹಾಗಾದ್ರೆ ನನ್ನ ದನಿ ಅವರಿಗೆ..."

"ಕೇಳಲ್ಲಮ್ಮ."

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರ ರಿಪೇರಿ ಮಾಡುತ್ತಿದ್ದ ನನ್ನ ಗಂಡ ತಲೆ ಎತ್ತದೆ ಹೇಳಿದರು: "ಪುಣ್ಯವಂತರು."

ಹುಡುಗಿ ಒಪ್ಪಿದ್ದಳು. ಒಪ್ಪದಿದ್ದವರು ಅವಳ ಅಪ್ಪ. ಬಡಗಿ. ತಾಯಿಯಿಲ್ಲದ ಮಗಳನ್ನು ಒಬ್ಬರೇ ಬೆಳೆಸಿದವರು. ಮಾತಾಡುವವರ ಮನೆಗೆ ಮಗಳನ್ನು ಕೊಡಲು ಅವರಿಗೆ ಮನಸ್ಸಿಲ್ಲ. ಶಾಲೆಯೊಂದರ ಬೆಂಚು ಮಾಡುವ ಕೆಲಸ ಹಿಡಿದಿದ್ದಾರೆ, ಅದು ಮುಗಿಯಲು ನಲವತ್ತು ದಿನ ಬೇಕು, ಆಮೇಲೆ ಬಂದು ಮನೆ ನೋಡಿ ಹೂಂ ಎನ್ನುತ್ತಾರೋ ಊಹೂಂ ಎನ್ನುತ್ತಾರೋ ಗೊತ್ತಿಲ್ಲ ಎಂದ ಮಗ.

"ನಲವತ್ತು ದಿನ ಯಾಕೋ? ನನಗೆ ಇಪ್ಪತ್ತು ಸಾಕು!" ಎಂದು ತೊಡೆ ತಟ್ಟಿದೆ. "ಸನ್ನೆ ಭಾಷೇನ ಅರೆದು ಕುಡಿದುಬಿಡ್ತೀನಿ. ನಿಮ್ಮ ಮಾವ ನನ್ನ ಕೈಮಾತು ನೋಡಿ ಮೂಗಿನ ಮೇಲೆ ಬೆರಳಿಡಬೇಕು!"

ಶುರುವಾಯಿತು ಸಾಧನೆ! ಸಂಜೆ ಮಗನಿಂದ ಪಾಠ, ಬೆಳಿಗ್ಗೆ ಕನ್ನಡಿ ಮುಂದೆ ತಾಲೀಮು.

"ನೊಣ ಜಾಸ್ತಿ ಆಗಿದೆಯೇನೇ?" ಎಂದು ಗಂಡ ಕೇಳಿದರು.

"ನೊಣ ಅಲ್ಲ ರೀ, 'ದಯವಿಟ್ಟು ಕುಳಿತುಕೊಳ್ಳಿ' ಅಂತ."

"ಹಾಗೆ ಬೀಸಿದ್ರೆ ಕೂತವರೂ ಎದ್ದು ಓಡ್ತಾರೆ."

ಅಭ್ಯಾಸದ ಭರಾಟೆ ಎಷ್ಟಿತ್ತೆಂದರೆ ಒಂದು ದಿನ ಡ್ಯೂಟಿಯಲ್ಲಿ ಮೈಕಿನ ಮುಂದೆ ಕೂತು "ಪ್ರಯಾಣಿಕರೇ, ಗಮನಿಸಿ" ಎಂಬುದರಿಂದ ಹಿಡಿದು ಬಸ್ಸು ಹೊರಡುವ ಸಮಯದವರೆಗೆ ಎಲ್ಲವನ್ನೂ ಅಚ್ಚುಕಟ್ಟಾಗಿ ಕೈಯಲ್ಲೇ ಹೇಳಿ ಮುಗಿಸಿದೆ! ಬಸ್ಸು ಖಾಲಿ ಹೋಯಿತು. ಮೇಲಧಿಕಾರಿ ಕರೆಸಿ ಕೇಳಿದಾಗ ಉತ್ತರವನ್ನೂ ಕೈಯಲ್ಲೇ ಕೊಡಲು ಹೋಗಿ ಅವರ ಟೀ ಚೆಲ್ಲಿದೆ.

ನಲವತ್ತನೇ ದಿನ ಬಂದೇ ಬಂತು. ಹುಡುಗಿ ಬಂದಳು, ಜೊತೆಗೆ ಅವಳ ಅಪ್ಪ. ಎತ್ತರದ ಮನುಷ್ಯ. ಉಗುರುಸಂದಿಯಲ್ಲಿ ಇನ್ನೂ ಪಾಲಿಶ್ ಬಣ್ಣ, ಮುಖದಲ್ಲಿ ಒಂದು ಗೆರೆ ನಗುವಿಲ್ಲ. ನಾನು ಮುಂದೆ ಬಂದು, ಎದೆ ಉಬ್ಬಿಸಿ, 'ನಿಮ್ಮನ್ನು ನೋಡಿ ನನಗೆ ತುಂಬಾ ಸಂತೋಷವಾಯಿತು' ಎಂದು ಸನ್ನೆ ಮಾಡಿದೆ. ನಮ್ಮ ಮಗ ಕಲಿಸಿದಂತೆ ಸಂತೋಷವೆಂದರೆ ಕೈ ಎದೆಯ ಮೇಲಾಡಬೇಕು. ಗಾಬರಿಯಲ್ಲಿ ನನ್ನ ಕೈ ಒಂದು ಗೇಣು ಕೆಳಗಿಳಿದು ಹೊಟ್ಟೆಯ ಮೇಲಾಡಿತು. ಕೈಯೇ ಕೈಕೊಟ್ಟಿತು!

ಬೀಗರು ನನ್ನನ್ನು ಒಂದು ಕ್ಷಣ ನೋಡಿದರು. ಚೀಲಕ್ಕೆ ಕೈಹಾಕಿ ಬಿಸ್ಕೆಟ್ ಡಬ್ಬಿ ತೆಗೆದು ಕೊಟ್ಟರು. ಆಹಾ, ಎಂಥ ಸಂಭಾವಿತರು ಎಂದುಕೊಂಡು ಇನ್ನೂ ಜೋರಾಗಿ ಸಂತೋಷಪಟ್ಟೆ. ಸೇಬು ಬಂತು. ಮತ್ತೂ ಸಂತೋಷಪಟ್ಟೆ. ದಾರಿಯಲ್ಲಿ ತಿನ್ನಲೆಂದು ಕಟ್ಟಿಕೊಂಡಿದ್ದ ಬ್ರೆಡ್ಡೂ ಬಂತು! ಆಮೇಲೆ ಅವರು ತಿರುಗಿ ನನ್ನ ಗಂಡನನ್ನು ದುರುಗುಟ್ಟಿ ನೋಡಿದರು.

"ಏನೇ ಹೇಳ್ದೆ ಇವರಿಗೆ? ಯಾಕೆ ನನ್ನನ್ನ ಹೀಗೆ ನೋಡ್ತಿದಾರೆ?"

ಅಷ್ಟರಲ್ಲಿ ಮಗ ಹೊಟ್ಟೆ ಹಿಡಿದುಕೊಂಡು ಕುಸಿದಿದ್ದ. "ಅಮ್ಮ... ನಿಮ್ಮನ್ನ ನೋಡಿ ನನಗೆ ತುಂಬಾ ಹಸಿವಾಯ್ತು ಅಂತ ಮೂರು ಸಲ ಹೇಳಿದೆ!"

ಹುಡುಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳ ಅಪ್ಪ ನಗಲಿಲ್ಲ. ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ನಾವಿರುವುದು ಮೂರನೇ ಮಹಡಿ, ಬಾಯ್ಬಿಟ್ಟರೂ ಕೆಳಗಿನ ಮನೆಯವರ ಹಾಲ್‌ಗೆ ಬೀಳುತ್ತಿದ್ದೆ.

ಆ ಹೊತ್ತಿಗೇ ಕೆಳಗೆ ಯಾರೋ ಬೈಕು ಅಡ್ಡ ನಿಂತಿದೆ ಎಂದು ಕೂಗಿದರು. ಬೈಕನ್ನು ಹಿಂದಿನ ಬೀದಿಯಲ್ಲಿ ನಿಲ್ಲಿಸಿ ಬರಲು ಮಗ ಓಡಿದ, ಹುಡುಗಿಯೂ ಹಿಂದೆ ಹೋದಳು. ಗಂಡ ಜ್ಯೂಸ್ ಮಾಡುವೆನೆಂದು ಅಡುಗೆಮನೆ ಸೇರಿ ಬಾಗಿಲು ಮುಂದೆ ಮಾಡಿಕೊಂಡು ಮಿಕ್ಸಿ ತಿರುಗಿಸಿದರು. ನಾನು ಬಟ್ಟೆ ತೆಗೆಯುವ ನೆಪ ಮಾಡಿ ಬಾಲ್ಕನಿಗೆ ಜಾರಿಕೊಂಡು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪಾಠದ ಚೀಟಿ ತೆಗೆದೆ. ಹಿಂದೆ ಗಾಜಿನ ಬಾಗಿಲು ತಾನಾಗೇ ಜಾರಿ ಮುಚ್ಚಿತು. ಒಳಗಿನ ಚಿಲಕ 'ಟಕ್' ಎಂದು ಬಿತ್ತು!

ಕೂಗಿದೆ. ಇಪ್ಪತ್ತೇಳು ವರ್ಷದ ಗಂಟಲನ್ನೆಲ್ಲ ಸುರಿದು ಕೂಗಿದೆ! ಮಿಕ್ಸಿಯ ಮುಂದಿದ್ದ ಗಂಡನಿಗೆ ಕೇಳಲಿಲ್ಲ. ಬೀಗರು ನನಗೆ ಬೆನ್ನು ಮಾಡಿ ಸೋಫಾದಲ್ಲಿ ಕೂತಿದ್ದರು. ಕೇಳಿದ್ದು ರಸ್ತೆಯಲ್ಲಿ ಚೀಲ ಹೊತ್ತು ಹೋಗುತ್ತಿದ್ದ ಒಬ್ಬನಿಗೆ ಮಾತ್ರ. ಅವನು ತಲೆ ಎತ್ತಿ, "ಮೇಡಂ, ಯಾವ ಪ್ಲಾಟ್‌ಫಾರ್ಮು?" ಎಂದ.

ಜೀವನದಲ್ಲಿ ಮೊದಲ ಸಲ ನನ್ನ ಬಾಯಿ ಬಂದ್ ಆಯಿತು. ಬಾಯಿ ಮುಚ್ಚಿದರೆ ಬುದ್ಧಿ ತೆರೆಯುತ್ತದಂತೆ. ಒಣಗಲು ಇಟ್ಟಿದ್ದ ಸ್ಟೀಲ್ ತಟ್ಟೆ ಎತ್ತಿ ಬಿಸಿಲಿಗೆ ಹಿಡಿದೆ. ಬೆಳಕಿನ ಬಿಲ್ಲೆ ಬೀಗರೆದುರಿನ ಗೋಡೆಯ ಮೇಲೆ ಕುಣಿಯಿತು. ಅವರು ತಟ್ಟನೆ ತಿರುಗಿದರು.

'ಬಾಗಿಲು. ಲಾಕ್. ನಾನು ಹೊರಗೆ. ತೆಗೀರಿ!'

ಒಂದೂ ತಪ್ಪಿಲ್ಲ! ಅವರು ಎದ್ದು ಬಂದು, ಕುಕ್ಕರಗಾಲಲ್ಲಿ ಕೂತು ಚಿಲಕವನ್ನು ಪರೀಕ್ಷಿಸಿದರು.

'ಈ ಚಿಲಕ ಕೂರಿಸಿದ್ದು ಯಾರು?'

'ಗಂಡ.'

'ಕೆಟ್ಟ ಕೆಲಸ.'

'ಗೊತ್ತು. ತೆಗೀರಿ.'

ತೆಗೆಯಲಿಲ್ಲ ಪುಣ್ಯಾತ್ಮ! ಕುರ್ಚಿ ಎಳೆದುಕೊಂಡು ಬಂದು ಗಾಜಿನ ಆಚೆ ನನ್ನೆದುರು ಕೂತರು. ನಿಧಾನವಾಗಿ ಕೈಯಾಡಿಸಿದರು. ನನಗೆ ತಿಳಿಯಲಿಲ್ಲ. ಮತ್ತೆ ಮಾಡಿ ತೋರಿಸಿದರು. ಮೂರನೇ ಸಲಕ್ಕೆ ತಿಳಿಯಿತು, ಬೇಸರವಿಲ್ಲದೆ ಮೂರು ಸಲವೂ ಹೇಳಿದ್ದರು.

'ನಮ್ಮ ಅಣ್ಣತಮ್ಮಂದಿರಿಗೆಲ್ಲ ಕಿವಿ ಕೇಳುತ್ತೆ. ಊಟಕ್ಕೆ ಕೂತಾಗ ಎಲ್ರೂ ನಗ್ತಾರೆ. ಏನು ಅಂತ ಕೇಳಿದ್ರೆ, ಆಮೇಲೆ ಹೇಳ್ತೀವಿ ಅಂತಾರೆ. ನನಗೀಗ ಅರವತ್ತು. ಆ ಆಮೇಲೆ ಇನ್ನೂ ಬಂದಿಲ್ಲ. ನಿಮ್ಮ ಮನೇಲಿ ನನ್ನ ಮಗಳಿಗೆ ಯಾರು ಹೇಳ್ತಾರೆ?'

ನನ್ನ ಕೈಯಲ್ಲಿದ್ದ ಚೀಟಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಇಪ್ಪತ್ತೇಳು ವರ್ಷದ ಗಂಟಲೂ ಇಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ. ಚೀಟಿಯನ್ನು ಬಾಯಲ್ಲಿ ಕಚ್ಚಿಕೊಂಡು ಎರಡೂ ಕೈ ಎತ್ತಿದೆ.

'ನಾನು ಹೇಳ್ತೀನಿ. ಆಗಲೇ. ತಪ್ಪು ತಪ್ಪಾಗಿ. ಆದ್ರೆ ಆಗಲೇ.'

ಅವರ ಮೀಸೆ ಅಲುಗಿತು.

'ತಪ್ಪಾಗಿ ಹೇಳಿದ್ರೆ ನಗು ಇನ್ನೂ ಜಾಸ್ತಿ ಬರುತ್ತೆ.'

ಎದ್ದು, ಬಾಗಿಲನ್ನು ಅಂಗೈಯಿಂದ ಒಂದಿಷ್ಟು ಮೇಲೆತ್ತಿ ದೂಡಿದರು. ಚಿಲಕ ಬೆಣ್ಣೆಯಂತೆ ಜಾರಿತು. ಆ ಕ್ಷಣಕ್ಕೆ ಸರಿಯಾಗಿ ನನ್ನ ಗಂಡ ಜ್ಯೂಸಿನ ಲೋಟ ಹಿಡಿದು ಬಂದರು.

"ಏನೇ ಇದು, ಬೀಗರನ್ನ ಒಂಟಿಯಾಗಿ ಬಿಟ್ಟು ಬಾಲ್ಕನೀಲಿ ಗಾಳಿ ತಗೋತಿದೀಯ?"

"ಬೀಗ ಬಿದ್ದಿತ್ತು ರೀ, ಬೀಗರು ತೆಗೆದ್ರು!" ಎಂದೆ ನಾನು. ಎಂದವಳೇ ಕೊಟ್ಟ ಮಾತು ನೆನಪಾಗಿ, ಆ ತಮಾಷೆಯನ್ನು ಆಗಲೇ ಬೀಗರಿಗೆ ಕೈಯಲ್ಲಿ ಹೇಳಹೊರಟೆ. ಸನ್ನೆ ಭಾಷೆಯಲ್ಲಿ ಬೀಗಕ್ಕೂ ಬೀಗರಿಗೂ ಸಂಬಂಧವೇ ಇಲ್ಲ! ವಿವರಿಸಿ, ವಿವರಿಸಿ, ಬೆವರಿಳಿಯಿತು. ಮಗ, ಹುಡುಗಿ ಮೇಲೆ ಬರುವಷ್ಟರಲ್ಲಿ ಬೀಗರು ನನ್ನ ಒದ್ದಾಟ ನೋಡಿ ಸೋಫಾದ ಕೈ ಹಿಡಿದುಕೊಂಡು ನಗುತ್ತಿದ್ದರು. ಮಗಳು ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು, ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಹೂಂ ಎಂಬುದಕ್ಕೆ ಯಾವ ಭಾಷೆಯೂ ಬೇಕಾಗಲಿಲ್ಲ.

ಮದುವೆಯಾಗಿ ಈಗ ಎಂಟು ತಿಂಗಳು. ಪ್ರತಿ ಭಾನುವಾರ ಬೀಗರು ನಮ್ಮಲ್ಲೇ ಊಟ. ನನ್ನ ಕೈಗಳೀಗ ಕೈಗಳಲ್ಲ, ಆಕಾಶವಾಣಿ! ಗಂಡನ ಕೊಂಕು, ಪಕ್ಕದ ಮನೆಯ ಜಗಳ, ಬೀದಿಯಲ್ಲಿ ಕೂಗುವವನ ಕೂಗು, ಒಂದನ್ನೂ ಬಿಡದೆ ಆಗಿಂದಾಗ ಹೇಳುತ್ತೇನೆ. ಸೊಸೆ, 'ಅತ್ತೆ, ನಿಮ್ಮ ಊಟ ಆರ್ತಿದೆ' ಎಂದು ಸನ್ನೆ ಮಾಡಿದರೂ ನಿಲ್ಲಿಸುವುದಿಲ್ಲ. ಕಿವುಡರ ಸಂಘದ ಸಭೆಯಲ್ಲಿ ಕೂಡ ನನಗೆ ಮುಂದಿನ ಸಾಲಿನಲ್ಲೇ ಜಾಗ. ಇನ್ನೇನು ಬೇಕು? ಗೆದ್ದೆ!

ಕಳೆದ ಭಾನುವಾರ ನಿಲ್ದಾಣದ ಕತೆಯೊಂದನ್ನು ಹೇಳುತ್ತಿದ್ದೆ. ಮುಕ್ಕಾಲು ಗಂಟೆಯಾಗಿತ್ತು, ಕತೆ ಈಗಷ್ಟೇ ರಂಗೇರುತ್ತಿತ್ತು. ಬೀಗರು ಬಲು ಗೌರವದಿಂದ ನನಗೆ ಕೈಮುಗಿದರು. ಆಮೇಲೆ ನಿಧಾನವಾಗಿ ಎರಡೂ ಕಣ್ಣು ಮುಚ್ಚಿಕೊಂಡು ಅನ್ನ ಕಲಸತೊಡಗಿದರು.

ಕಿವಿ ಮುಚ್ಚಿಕೊಳ್ಳುವವರನ್ನು ಬೇಕಾದಷ್ಟು ಕಂಡಿದ್ದೆ. ಇದು ಹೊಸತು!

"ಏನು ಮಾಡಿದ್ರು ಅವರು?" ಎಂದು ಗಂಡ ಕೇಳಿದರು.

"ಕಣ್ಣು ಮುಚ್ಚಿದ್ರೆ ನನ್ನ ಮಾತು ಕಾಣಲ್ಲವಲ್ಲ ರೀ. ಸಾಕು ನಿಲ್ಸು ಅಂತ ಅರ್ಥ" ಎಂದೆ, ಸಪ್ಪೆ ಮುಖ ಮಾಡಿಕೊಂಡು.

ಎಂಟು ತಿಂಗಳಿಂದ ಒಂದೇ ಒಂದು ಸನ್ನೆ ಕಲಿಯದ ನನ್ನ ಗಂಡ ತಟ್ಟೆ ಪಕ್ಕಕ್ಕಿಟ್ಟು, ಕುರ್ಚಿಯನ್ನು ಬೀಗರ ಹತ್ತಿರಕ್ಕೆ ಎಳೆದುಕೊಂಡರು. ಅವರ ಭುಜ ತಟ್ಟಿ ಕಣ್ಣು ತೆರೆಸಿ, ನನ್ನ ಕಡೆ ತಿರುಗಿ ಹೇಳಿದರು:

"ಕೇಳಿ ಹೇಳೇ ಸ್ವಲ್ಪ. ಇದೇ ತರದ್ದು ಕಿವಿ ಮುಚ್ಚೋಕೂ ಏನಾದ್ರೂ ಇದ್ರೆ, ಇವತ್ತಿಂದ್ಲೇ ಪಾಠಕ್ಕೆ ಕೂತ್ಕೋತೀನಿ."